ತಲೆ ಮರಳಿ ಬರುವ ಮುಂಚಿನ ಏಳು ದಿನ

ಕಥೆಯ ನಾಯಕನಿಗೆ ನಾವು ಕೊಡುವಷ್ಟು ಮಾಫಿಯನ್ನು ನಮ್ಮ ಮನೆಯವರಿಗೂ ಕೊಡುವುದಿಲ್ಲ. ಅವನು ಕೊಂದರೆ ದೈವ ಕೊಲ್ಲಿಸಿತು, ಕೈಬಿಟ್ಟು ಹೋದರೆ ವಿಧಿ ಬಿಡಿಸಿತು, ಒಡೆದರೆ ದೇವರ ಅಪ್ಪಣೆ ಇತ್ತು. 2022ರ ಸೆಪ್ಟೆಂಬರ್ ಕೊನೆಗೆ ‘ಕಾಂತಾರ’ ಸಿನಿಮಾ ಬಿಡುಗಡೆಯಾದಾಗ ನನ್ನ ಹತ್ತನೇ ತರಗತಿಯ ಮಕ್ಕಳು ಅದರ ಮಾತನ್ನು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಕೊನೆಯ ಹೊಡೆದಾಟದಲ್ಲಿ ನಾಯಕ ಶಿವ ನೆಲಕ್ಕೆ ಬೀಳುತ್ತಾನೆ, ಗುಳಿಗ ದೈವ ಅವನ ಮೈದುಂಬುತ್ತಾನೆ, ಊರಿನ ಧಣಿ ಸಾಯುತ್ತಾನೆ. ಆ ಸಾವಿಗೆ ಹೊಣೆ ಯಾರು ಎಂದು ಕೇಳಿದೆ. ‘ಅಕ್ಕೋರೆ, ಕೊಂದಿದ್ದು ದೈವರೀ. ಶಿವಂದೇನ್ ತಪ್ಪದ?’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಧಣಿ ಸಾಯಬೇಕಾದವನೇ ಎಂದು ಅವರು ವಾದಿಸಿದ್ದರೆ ನನಗೆ ಅಷ್ಟು ಕಳವಳವಾಗುತ್ತಿರಲಿಲ್ಲ. ಅದೊಂದು ವಾದ, ಅದಕ್ಕೆ ಎದುರುವಾದ ಹೂಡಬಹುದು. ಅವರು ಹೇಳಿದ್ದು ಮಾಡಿದವನೇ ಇಲ್ಲ ಎಂದು.

ನಾನು ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ. ಕನ್ನಡ ಕಲಿಸುತ್ತ ಅಫಜಲಪುರದ ಕಡೆ ಇದ್ದೆ, ಆಮೇಲೆ ಆಳಂದಕ್ಕೆ ಬಂದೆ, ನಿವೃತ್ತಿಯಾಗಿ ಇಲ್ಲೇ ನೆಲೆ ನಿಂತಿದ್ದೇನೆ. ಈ ಸೀಮೆಯಲ್ಲಿ ಪವಾಡದ ಕಥೆಗಳಿಗೆ ಕೊರತೆಯಿಲ್ಲ. ಅವನ್ನು ಕೇಳುತ್ತಲೇ ಬೆಳೆದವಳು ನಾನು. ಅವುಗಳ ಮೇಲೆ ನನಗೆ ಪ್ರೀತಿಯಿದೆ. ಪ್ರೀತಿಯಿರುವುದರಿಂದಲೇ ಅವನ್ನು ಹೊಣೆಗೇಡಿತನಕ್ಕೆ ಆಸರೆ ಮಾಡಿಕೊಳ್ಳುವುದನ್ನು ಸಹಿಸಲಾರೆ.

ಆಳಂದ ಅಂದರೆ ಹೊರಗಿನವರಿಗೆ ಲಾಡ್ಲೆ ಮಶಾಕ್ ದರ್ಗಾ ನೆನಪಾಗುತ್ತದೆ, ತೊಗರಿ ನೆನಪಾಗುತ್ತದೆ. ಹಳೆಯ ಶಾಸನಗಳಲ್ಲಿ ಇದು ಅಲಂದೆ, ಸಾವಿರ ಹಳ್ಳಿಗಳ ನಾಡೊಂದಕ್ಕೆ ಹೆಸರು ಕೊಟ್ಟ ಊರು. 12ನೇ ಶತಮಾನದಲ್ಲಿ ಇಲ್ಲಿ ಪುರುಷೋತ್ತಮ ಭಟ್ಟ ಎಂಬವನಿಗೆ ಹುಟ್ಟಿದ ರಾಮ, ಶಿವನನ್ನಲ್ಲದೆ ಬೇರೊಬ್ಬರನ್ನು ನೆಚ್ಚದವನಾಗಿ ಏಕಾಂತದ ರಾಮಯ್ಯನಾದ. ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಹೊತ್ತಿನ ಉದ್ದನೆಯ ಶಾಸನವೊಂದು ಅವನ ಕಥೆಯನ್ನು ಹೇಳುತ್ತದೆ. ಜೆ. ಎಫ್. ಫ್ಲೀಟ್ ಅದನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದೇ ಗುಡಿಯಲ್ಲಿ ಈ ಪ್ರಸಂಗದ ಉಬ್ಬುಶಿಲ್ಪಗಳೂ ಇವೆ.

ಕಥೆ ಹೀಗಿದೆ. ರಾಮಯ್ಯ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಸೋಮನಾಥನ ಸೇವೆಯಲ್ಲಿದ್ದಾಗ ಶಿವನ ಅಪ್ಪಣೆಯಾಗುತ್ತದೆ: ಅಬ್ಬಲೂರಿಗೆ ಹೋಗು, ಅಲ್ಲಿಯ ಜೈನರು ತಡೆದರೆ ನಿನ್ನ ತಲೆಯನ್ನೇ ಪಣವಿಡು. ಅಬ್ಬಲೂರಿನಲ್ಲಿ ಸಂಕಗಾವುಂಡ ಮೊದಲಾದ ಜೈನರಿಗೂ ಅವನಿಗೂ ಯಾರ ದೇವರು ದೊಡ್ಡವನೆಂದು ವಾದ ಏಳುತ್ತದೆ. ತಲೆ ಕೊಯ್ದು ಶಿವನಿಗೊಪ್ಪಿಸಿ ಮರಳಿ ಪಡೆ, ನೋಡೋಣ ಎನ್ನುತ್ತಾರೆ ಅವರು. ಪಡೆದರೆ ನೀವೇನು ಕೊಡುತ್ತೀರಿ ಎನ್ನುತ್ತಾನೆ ಇವನು. ನಮ್ಮ ಜಿನನನ್ನು ಕಿತ್ತು ಆ ಜಾಗದಲ್ಲಿ ಶಿವನನ್ನು ನಿಲ್ಲಿಸುತ್ತೇವೆ ಎಂಬ ಮಾತಾಗುತ್ತದೆ. ರಾಮಯ್ಯ ಬಾಯಿಮಾತು ಒಪ್ಪುವುದಿಲ್ಲ, ಓಲೆಯಲ್ಲಿ ಬರೆಸಿಕೊಳ್ಳುತ್ತಾನೆ. ತಲೆ ಕೊಯ್ದುಕೊಳ್ಳುತ್ತಾನೆ. ಏಳು ದಿನದ ಮೇಲೆ ಗಾಯದ ಗುರುತೂ ಇಲ್ಲದೆ ತಲೆ ಮರಳಿ ಕೂಡುತ್ತದೆ. ಜೈನರು ಮಾತು ತಪ್ಪುತ್ತಾರೆ. ರಾಮಯ್ಯ ಕಾವಲಿನವರನ್ನು ಬಡಿದೋಡಿಸಿ ಜಿನನ ವಿಗ್ರಹ ಒಡೆಯುತ್ತಾನೆ. ದೂರು ಕಲಚುರಿ ರಾಜ ಬಿಜ್ಜಳನ ತನಕ ಹೋಗುತ್ತದೆ. ರಾಮಯ್ಯ ಓಲೆ ತೋರಿಸುತ್ತಾನೆ, ಬೇಕಾದರೆ ಇನ್ನೊಮ್ಮೆ ತಲೆ ಕೊಯ್ದು ತೋರಿಸುತ್ತೇನೆ, ಇನ್ನಷ್ಟು ಬಸದಿಗಳನ್ನು ಪಣಕ್ಕಿಡಿ ಎನ್ನುತ್ತಾನೆ. ಎದುರಿನವರು ಮುಂದೆ ಬರುವುದಿಲ್ಲ. ಬಿಜ್ಜಳ ಜಯಪತ್ರ ಕೊಟ್ಟು ಭೂಮಿ ಬಿಡುತ್ತಾನೆ.

ಗೆದ್ದವರು ಬರೆಸಿದ ಕಲ್ಲಿದು. ಸೋತವರು ತಮ್ಮ ಕಡೆಯಿಂದ ಏನು ಹೇಳುತ್ತಿದ್ದರು ಎಂಬುದು ಅದರಲ್ಲಿಲ್ಲ. ಆದರೂ ಗೆದ್ದವರ ಬಾಯಿಂದ ಬಂದಷ್ಟರಲ್ಲೇ ಕೇಳಬೇಕಾದದ್ದು ಬಹಳವಿದೆ.

ತಲೆ ಮರಳಿ ಬರುತ್ತದೆಂದು ರಾಮಯ್ಯನಿಗೆ ಗೊತ್ತಿತ್ತೆ? ಗೊತ್ತಿತ್ತು ಅಂದರೆ ಅವನು ಪಣಕ್ಕಿಟ್ಟದ್ದು ಏನೂ ಇಲ್ಲ. ಏಳು ದಿನದ ಸಾಲ ಕೊಟ್ಟು ಇನ್ನೊಬ್ಬರ ದೇವರನ್ನು ಬಡ್ಡಿಯಾಗಿ ಪಡೆದ ಹಾಗಾಯಿತು. ಎದುರಿನವರಿಗೆ ಗೊತ್ತಿಲ್ಲದ ಸಂಗತಿಯನ್ನು ತನ್ನ ಕೈಯಲ್ಲಿಟ್ಟುಕೊಂಡು ಪಣ ಕಟ್ಟುವುದಕ್ಕೆ ನಮ್ಮ ಕಡೆ ಮೋಸ ಎನ್ನುತ್ತಾರೆ. ನಾನು ಲಿಂಗ ಕಟ್ಟಿದವಳು, ರಾಮಯ್ಯನ ಊರಿನ ನೀರು ಕುಡಿಯುವವಳು. ಅವನನ್ನು ಹಾಗೆ ಕಾಣಲು ನನ್ನಿಂದಾಗದು. ಅವನಿಗೆ ನಂಬಿಕೆಯಿತ್ತು, ಗ್ಯಾರಂಟಿ ಇರಲಿಲ್ಲ ಎಂದೇ ಓದುತ್ತೇನೆ. ಶಿವ ಹೇಳಿದ್ದು ಪಣವಿಡು ಎಂದು. ಕತ್ತಿ ಎತ್ತಬೇಕಾದದ್ದು ರಾಮಯ್ಯನ ಕೈ. ಹೋಗದೆ ಪುಲಿಗೆರೆಯಲ್ಲೇ ಪೂಜೆ ಮಾಡಿಕೊಂಡು ಇರಬಹುದಿತ್ತು. ಅಬ್ಬಲೂರಿಗೆ ಹೋಗಿಯೂ ವಾದಕ್ಕಿಳಿಯದೆ ಇರಬಹುದಿತ್ತು. ಗೀತೆಯ ಕೃಷ್ಣನೂ ಅಷ್ಟೆಲ್ಲ ಉಪದೇಶ ಮಾಡಿ ಕೊನೆಗೆ ವಿಚಾರ ಮಾಡಿ ನಿನಗೆ ಸರಿಕಂಡಂತೆ ಮಾಡು ಎಂದು ಅರ್ಜುನನ ಮೇಲೇ ಬಿಡುತ್ತಾನೆ. ದೇವರು ಹೇಳಿದ ಮೇಲೂ ಮನುಷ್ಯನ ಪಾಲಿಗೆ ಒಂದಿಷ್ಟು ಉಳಿಯುತ್ತದೆ. ಆ ಉಳಿದದ್ದರಲ್ಲೇ ರಾಮಯ್ಯ ದೊಡ್ಡವನಾದದ್ದು.

ಹಾಗಿದ್ದ ಮೇಲೆ ಅದೇ ಅಳತೆಯನ್ನು ಕಥೆಯ ಎರಡನೆಯ ಭಾಗಕ್ಕೂ ಹಿಡಿಯಬೇಕು. ತಲೆ ಕೊಯ್ದುಕೊಂಡದ್ದು ಅವನ ಆಯ್ಕೆ, ಆದ್ದರಿಂದ ಅದರ ಕೀರ್ತಿ ಅವನದು ಎನ್ನುವ ನಾವು, ವಿಗ್ರಹ ಒಡೆದದ್ದಕ್ಕೆ ಬಂದಾಗ ಶಿವನ ಅಪ್ಪಣೆಯ ಹಿಂದೆ ಅವನನ್ನು ಬಚ್ಚಿಡುತ್ತೇವೆ. ಕಲ್ಲಿನ ಕಥೆಯಲ್ಲೇ ಅಲ್ಲಿ ಪವಾಡವಿಲ್ಲ. ಕೈಯಿದೆ, ಕಾವಲಿನವರಿದ್ದಾರೆ, ಪೆಟ್ಟಿದೆ. ಅವನ ಬಳಿ ಇದ್ದ ಒಂದೇ ಸಮರ್ಥನೆ ಓಲೆ.

ಒಂದು ವರ್ಷ ತರಗತಿಯಲ್ಲಿ ಮಕ್ಕಳಿಗೆ, ನೀವೇ ಬಿಜ್ಜಳನಾಗಿ ತೀರ್ಪು ಬರೆಯಿರಿ ಎಂದೆ. ಹೆಚ್ಚಿನವರು ಓಲೆ ನೋಡಿ ರಾಮಯ್ಯನಿಗೇ ಗೆಲುವು ಕೊಟ್ಟರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು ಕೇಳಿದಳು: ‘ಓಲಿ ಬರಕೊಟ್ಟೋರು ಊರ ಗೌಡ, ಮತ್ತ ನಾಕು ಮಂದಿ ಹಿರೇರು. ದಿನಾ ಬಸದಿಗಿ ಹೂ ಒಯ್ಯೋ ಮುದುಕಿಗಿ ಯಾರರ ಕೇಳಿದ್ರೇನ್ರೀ?’

ಬಿಜ್ಜಳ ಇದನ್ನು ಕೇಳಲಿಲ್ಲ. ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಈ ಮುದುಕಿ ನನಗೆ ಸಿಕ್ಕಿಲ್ಲ. ಸಂಕಗಾವುಂಡನಿಗೆ ಪಣಕ್ಕಿಡಲು ತನ್ನ ತಲೆಯಿತ್ತು, ತನ್ನ ಹೊಲವಿತ್ತು. ಅವನು ಇಟ್ಟದ್ದು ಊರಿನ ಜಿನನನ್ನು. ರಾಮಯ್ಯನಿಗೂ ಅದು ಕಾಣುತ್ತಿತ್ತು. ತನ್ನದನ್ನು ಕೊಡಲು ಹಿಂಜರಿಯದವನು ಇನ್ನೊಬ್ಬರದನ್ನು ತೆಗೆದುಕೊಳ್ಳುವಾಗ ಒಂದು ಕ್ಷಣ ನಿಲ್ಲಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಇದನ್ನು ಆಳಂದದಲ್ಲಿ ಕುಳಿತೇ ಬರೆಯುತ್ತಿದ್ದೇನೆ.

ಆಳಂದದಲ್ಲಿ ಇದು ಬರೀ ಹಳೆಯ ಕಥೆಯಲ್ಲ. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲೇ ಸಂತ ರಾಘವ ಚೈತನ್ಯರ ಸಮಾಧಿಯ ಶಿವಲಿಂಗವೂ ಇದೆ. 2022ರ ಮಾರ್ಚ್ 1, ಶಿವರಾತ್ರಿಯಂದು ಅದರ ಪೂಜೆಯ ವಿಚಾರಕ್ಕೆ ಊರಿನಲ್ಲಿ ಕಲ್ಲು ತೂರಾಟವಾಯಿತು. ಆಮೇಲಿನ ವರ್ಷಗಳಲ್ಲಿ ನ್ಯಾಯಾಲಯ ಹದಿನೈದು ಜನ ಹೋಗಿ ಪೂಜೆ ಮಾಡಿ ಬರಲಿ ಎಂದು ತಲೆ ಎಣಿಸಿ ಅನುಮತಿ ಕೊಡುವ ಹಂತಕ್ಕೆ ನಾವು ಬಂದೆವು. ಕಲ್ಲು ಬಿದ್ದ ಆ ವಾರ ಬೀದಿಯಲ್ಲಿ ನಾನು ಕೇಳಿದ್ದು ಎರಡು ಕಡೆಯೂ ಒಂದೇ ಮಾತು: ‘ನಾವೇನ್ ಮಾಡೋದ್ರಿ, ದೇವರ ಕೆಲಸ.’ ‘ಹುಡುಗೂರು ಕೈಯಾಗ ಇರಲಿಲ್ಲ.’ ಕಲ್ಲು ತಾನಾಗಿ ಎದ್ದು ಹಾರಲಿಲ್ಲ. ಪ್ರತಿಯೊಂದನ್ನೂ ಯಾರೋ ಬಗ್ಗಿ ಎತ್ತಿಕೊಂಡಿದ್ದರು. ಬಗ್ಗುವುದಕ್ಕೂ ಎಸೆಯುವುದಕ್ಕೂ ನಡುವೆ ಬಿಟ್ಟುಬಿಡಲು ಬೇಕಾಗುವಷ್ಟು ಹೊತ್ತು ಇರುತ್ತದೆ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ರಾಮಯ್ಯನ ಪರವಾಗಿ ಇನ್ನೊಂದನ್ನು ಹೇಳಲೇಬೇಕು. ಅವನು ಓಲೆ ಬರೆಸಿದ್ದು ತನ್ನ ಹೆಸರಿನಲ್ಲಿ. ರಾಜನ ಮುಂದೆ ನಿಂತಾಗ ತಾನು ಒಡೆದದ್ದನ್ನು ಅಲ್ಲಗಳೆಯಲಿಲ್ಲ. ನಮ್ಮ ಕಾಲದ ಆಳಂದದ ಓಲೆ ಹೇಗಿದೆ ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದರೆ ಸರಿಯಿದ್ದದ್ದು 24. ಉಳಿದ 5,994 ತಿರಸ್ಕೃತವಾದವು, ಫೆಬ್ರವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಅರ್ಜಿ ಹಾಕಿದವರೆಂದು ಹೆಸರಿದ್ದ ಹಲವರಿಗೆ ತಮ್ಮ ಹೆಸರಿನಲ್ಲಿ ಹೀಗೊಂದು ಅರ್ಜಿ ಹೋಗಿದೆ ಎಂಬುದೇ ತಿಳಿದಿರಲಿಲ್ಲ. ಯಾರು ಮಾಡಿಸಿದರು ಎಂಬುದನ್ನು ತನಿಖೆ ಮತ್ತು ನ್ಯಾಯಾಲಯ ಹೇಳಲಿ, ಆ ತೀರ್ಪು ನನ್ನದಲ್ಲ. ನನ್ನನ್ನು ಕಾಡುವುದು ಕೀಬೋರ್ಡಿನ ಮೇಲಿದ್ದ ಕೈ. ಅದು ಒತ್ತಿದ ಪ್ರತಿಯೊಂದು ಹೆಸರೂ ಇನ್ನೊಬ್ಬರದಾಗಿತ್ತು.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದರೆ ಮಾಡಿದವರು ಯಾರು ಎಂಬ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಭೀಮಾ-ಅಮರ್ಜಾ ಸಂಗಮದ ಆ ದತ್ತ ಕ್ಷೇತ್ರದಲ್ಲಿ ನರಸಿಂಹ ಸರಸ್ವತಿಗಳು ನೆಲೆಸಿದ್ದರು. ಅವರ ಚರಿತ್ರೆಯನ್ನು ಸರಸ್ವತಿ ಗಂಗಾಧರ ಮರಾಠಿಯಲ್ಲಿ ‘ಗುರುಚರಿತ್ರೆ’ಯಾಗಿ ಬರೆದ. ಅದರಲ್ಲಿ ಒಂದು ಪ್ರಸಂಗ. ವೇದದ ಗರ್ವ ತಲೆಗೇರಿದ ಇಬ್ಬರು ಬ್ರಾಹ್ಮಣರು ವಾದಕ್ಕೆ ಬನ್ನಿ, ಇಲ್ಲವಾದರೆ ಜಯಪತ್ರ ಕೊಡಿ ಎಂದು ಪೀಡಿಸುತ್ತ ಬರುತ್ತಾರೆ. ಇಲ್ಲೂ ಜಯಪತ್ರ! ಗುರುಗಳು ದಾರಿಯಲ್ಲಿ ಹೋಗುತ್ತಿದ್ದ ಅಸ್ಪೃಶ್ಯನೊಬ್ಬನನ್ನು ಕರೆಸಿ, ನೆಲದ ಮೇಲೆ ಏಳು ಗೆರೆ ಎಳೆಸಿ ದಾಟಿಸುತ್ತಾರೆ. ಗೆರೆಗೊಂದು ಹಿಂದಿನ ಜನ್ಮ ನೆನಪಾಗುತ್ತ, ಏಳನೆಯದಕ್ಕೆ ಅವನು ವೇದ ಬಲ್ಲ ಬ್ರಾಹ್ಮಣನಾಗಿ ನಿಲ್ಲುತ್ತಾನೆ. ಗರ್ವಿಷ್ಠರು ತಣ್ಣಗಾಗುತ್ತಾರೆ. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ಅದು ಮುಂದುವರಿಯುತ್ತದೆ. ಅವನ ಹೆಂಡತಿ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ನಾನು ಬ್ರಾಹ್ಮಣ, ಮುಟ್ಟಬೇಡ ಎನ್ನುತ್ತಾನೆ ಅವನು. ಅವಳು ಅಳುತ್ತಾಳೆ. ಕೊನೆಗೆ ಗುರುಗಳು ಅವನ ಮೈಗೆ ಹಾಕಿದ್ದ ವಿಭೂತಿಯನ್ನು ತೊಳೆಸುತ್ತಾರೆ, ಅವನು ಮೊದಲಿನವನಾಗಿ ದಿಕ್ಕುತೋಚದೆ ಸುತ್ತ ನೋಡುತ್ತಾನೆ, ಹೆಂಡತಿಯ ಜೊತೆ ಮನೆಗೆ ಹೋಗುತ್ತಾನೆ.

ಮುಟ್ಟಬೇಡ ಎಂದದ್ದು ಯಾರು? ವಿಭೂತಿಯೆ, ಏಳು ಜನ್ಮದ ಹಿಂದಿನವನೆ, ಅಂದು ಬೆಳಗ್ಗೆ ಮನೆಯಿಂದ ಹೊರಟ ಗಂಡನೆ? ಇಲ್ಲಿ ನಾನು ಅವನ ಮೇಲೆ ಹೊಣೆ ಹೊರಿಸುವುದಿಲ್ಲ. ಆ ಗೆರೆಗಳನ್ನು ಅವನು ಎಳೆಯಲಿಲ್ಲ, ದಾಟುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಇಬ್ಬರು ಪಂಡಿತರ ಸೊಕ್ಕು ಮುರಿಯಲು ಅವನನ್ನು ಬಳಸಲಾಯಿತು, ಅದರ ನೋವು ಬಿದ್ದದ್ದು ವಾದಕ್ಕೆ ಸಂಬಂಧವೇ ಇಲ್ಲದ ಹೆಂಗಸಿನ ಮೇಲೆ. ಅವನು ಈ ಜಾತಿಯಲ್ಲಿ ಯಾಕೆ ಹುಟ್ಟಿದ ಎಂಬುದಕ್ಕೆ ಗ್ರಂಥ ಹಿಂದಿನ ಜನ್ಮದ ಪಾಪಗಳನ್ನು ಹೇಳುತ್ತದೆ. ಆ ಉತ್ತರವನ್ನು ನಾನು ಖಂಡಿತ ಒಪ್ಪುವುದಿಲ್ಲ. ಮಾಡಿದ ನೆನಪಿಲ್ಲದ, ಮಾಡಿದೆನೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲದ ಕೆಲಸಕ್ಕೆ ಊರ ಹೊರಗಿಡುವುದನ್ನು ಕರ್ಮಫಲ ಎಂದು ಕರೆದರೆ, ಊರ ಹೊರಗಿಟ್ಟವರು ಪಾರಾಗುತ್ತಾರೆ. ಇಟ್ಟವರದು ಈ ಜನ್ಮದ ಕೆಲಸ, ಹಗಲು ಬೆಳಕಿನಲ್ಲಿ ಮಾಡಿದ್ದು. ಭಕ್ತಿಯಿಂದ ಗುರುಚರಿತ್ರೆ ಪಾರಾಯಣ ಮಾಡುವ ನನ್ನ ಗೆಳತಿಯರಿಗೂ ಇದನ್ನು ಹೇಳಿದ್ದೇನೆ. ಅವರು ಪಾರಾಯಣ ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ.

ಅದೇ ಗಾಣಗಾಪುರದಲ್ಲಿ ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹತ್ತುತ್ತಾರೆ, ಕೂಗುತ್ತಾರೆ, ನೆಲಕ್ಕೆ ಉರುಳುತ್ತಾರೆ. ಅವರಲ್ಲಿ ಹೆಂಗಸರೇ ಹೆಚ್ಚು ಎಂದು ನಾನು ಕಂಡಿದ್ದೇನೆ. ಅವರನ್ನು ನಟಿಸುವವರು ಎನ್ನಲು ನನಗೆ ಬಾಯಿ ಬಾರದು. ಮನಸ್ಸು ಕಾಯಿಲೆ ಬಿದ್ದಾಗ ಮನುಷ್ಯ ತನ್ನ ಕೈಯಲ್ಲಿ ತಾನಿರುವುದಿಲ್ಲ. ಹಳೆಯ ದಂಡಸಂಹಿತೆಯ 84ನೇ ಕಲಮು ಇದನ್ನು ಒಪ್ಪಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮೂ ಒಪ್ಪುತ್ತದೆ: ಬುದ್ಧಿ ಸ್ಥಿಮಿತದಲ್ಲಿಲ್ಲದೆ, ತಾನು ಮಾಡುತ್ತಿರುವುದು ಏನೆಂದು ಅರಿಯಲಾರದೆ ಮಾಡಿದ್ದು ಅಪರಾಧವಲ್ಲ. ಅವರಿಗೆ ಬೇಕಾದದ್ದು ವೈದ್ಯರು ಮತ್ತು ಮನೆಯವರ ತಾಳ್ಮೆ.

ಆದರೆ ನಾನು ಪಾಠ ಮಾಡುತ್ತಿದ್ದ ಒಂದು ಹಳ್ಳಿಯಲ್ಲಿ ಅಮಾವಾಸ್ಯೆಗೊಮ್ಮೆ ಮೈದುಂಬಿ ಹೆಂಡತಿಯನ್ನು ಬಡಿಯುವವನೊಬ್ಬನಿದ್ದ. ‘ನಾ ಅಲ್ರೀ, ನನ್ನ ಮೈಯಾಗಿನದು ಹೊಡೀತದ’ ಎನ್ನುತ್ತಿದ್ದ. ಅದು ಹೊಡೆಯುತ್ತಿದ್ದದ್ದು ಹೆಂಡತಿಯನ್ನು ಮಾತ್ರ. ಅಣ್ಣನ ಎದುರು ಬರುತ್ತಿರಲಿಲ್ಲ, ಸಾಲ ಕೊಟ್ಟ ಸಾಹುಕಾರನ ಎದುರು ಬರುತ್ತಿರಲಿಲ್ಲ. ಯಾರನ್ನು ಹೊಡೆದರೆ ಏನಾಗುತ್ತದೆಂದು ಲೆಕ್ಕ ಹಾಕಬಲ್ಲದ್ದು ಯಾವುದೇ ಇರಲಿ, ಅದು ಆರಿಸಿಕೊಂಡು ಹೊಡೆಯುತ್ತಿದೆ. ಆರಿಸಿಕೊಳ್ಳಬಲ್ಲವನು ಉತ್ತರವನ್ನೂ ಕೊಡಬೇಕು. ಸಿನಿಮಾದ ಗುಳಿಗನಿಗೂ ನಾನು ಇದೇ ಪರೀಕ್ಷೆ ಇಡುತ್ತೇನೆ. ಅವನು ಸಿಕ್ಕಸಿಕ್ಕವರ ಮೇಲೆ ಎರಗುವುದಿಲ್ಲ. ಶಿವನ ಶತ್ರು ಯಾರೋ ಅವನ ಶತ್ರುವೂ ಅವರೇ. ಹಾಗಾದರೆ ಶಿವನ ಮನಸ್ಸು ಅಲ್ಲಿಂದ ಎದ್ದು ಹೋಗಿರಲಿಲ್ಲ.

ಜೇವರ್ಗಿ ಸೀಮೆಯ ಅರಳಗುಂಡಗಿಯ ಕಥೆ ಇಷ್ಟು ಕರಾಳವಲ್ಲ, ಆದರೂ ನಮ್ಮ ಮನೆಯಲ್ಲಿ ಅದರ ಮೇಲೆಯೇ ಹೆಚ್ಚು ಜಗಳವಾಗುತ್ತಿತ್ತು. ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು ಹುಟ್ಟಿದ್ದು ಆ ಊರಿನಲ್ಲಿ. ಹೊಲದಲ್ಲಿ ಹಕ್ಕಿ ಕಾಯಲು ಕಳಿಸಿದರೆ ಕವಣೆ ಮುಟ್ಟದೆ, ಹಕ್ಕಿಗಳಿಗೆ ತೆನೆ ಬಿಟ್ಟು, ಕುಡಿಯಲು ನೀರನ್ನೂ ಇಟ್ಟರಂತೆ. ಮನೆಯವರು ಸಿಟ್ಟಾದರು, ರಾಶಿ ಮಾಡಿದಾಗ ನೋಡಿದರೆ ಎಂದಿಗಿಂತ ಹೆಚ್ಚು ಕಾಳು ಬಂತು. ನನ್ನ ಅಪ್ಪ ಬಿಳಿಜೋಳ ಬೆಳೆದವನು, ಶರಣಬಸಪ್ಪನ ಜಾತ್ರೆ ತಪ್ಪಿಸಿದವನಲ್ಲ. ಅವನು ಹೇಳುತ್ತಿದ್ದ: ‘ಕೂಡಿದ ಮನಿ ಕಾಳು ಒಬ್ಬಾಂವ ದಾನ ಮಾಡಂಗಿಲ್ಲ. ಕೇಳಿ ಮಾಡಬೇಕು.’ ಅವ್ವ ಸಿಡುಕುತ್ತಿದ್ದಳು: ‘ಹಕ್ಕಿಗಿ ಯಾರ್ ಕೇಳಿ ಉಣಸ್ತಾರ?’ ಇಬ್ಬರ ಮಾತೂ ನನಗೆ ಸರಿಯೆನಿಸುತ್ತದೆ. ಹಸಿದದ್ದಕ್ಕೆ ಇಕ್ಕುವ ಕೈ ಅನುಮತಿಗೆ ಕಾಯಲಾರದು, ನಿಜ. ಆದರೆ ಮನೆಯವರ ಪ್ರಶ್ನೆಯೂ ನ್ಯಾಯವಾದದ್ದು, ಕಾಳು ಹೆಚ್ಚು ಬಂತು ಎಂಬ ಒಂದೇ ಕಾರಣಕ್ಕೆ ನಾವು ಅವರನ್ನು ಜಿಪುಣರೆಂದು ಕರೆದು ಬಾಯಿ ಮುಚ್ಚಿಸಿದ್ದೇವೆ. ಆ ವರ್ಷ ರಾಶಿ ಕಡಿಮೆ ಬಂದಿದ್ದರೆ? ಆಗಲೂ ಶರಣರು ಮಾಡಿದ್ದು ಒಳ್ಳೆಯದೇ ಎನ್ನುವ ಧೈರ್ಯ ನಮಗಿದೆಯೆ? ನನಗಿದೆ. ಕಣದಲ್ಲಿ ರಾಶಿ ಎಷ್ಟೇ ಬೀಳಲಿ, ಹಕ್ಕಿ ತಿನ್ನುತ್ತಿದ್ದ ಹೊತ್ತಿನಲ್ಲಿ ಆ ಕರುಣೆಯ ಬೆಲೆ ಎಷ್ಟಿತ್ತೋ ಅಷ್ಟೇ.

ಆದ್ದರಿಂದ ನಮ್ಮ ಊರುಗಳಲ್ಲಿ ಪುರಾಣ ಹೇಳುವವರಿಗೆ ನನ್ನದೊಂದು ಬೇಡಿಕೆ. ಶ್ರಾವಣದಲ್ಲಿ ಊರೂರಿಗೂ ಪುರಾಣ ಹಚ್ಚುತ್ತಾರೆ, ತಿಂಗಳಿಡೀ ರಾತ್ರಿ ಜನ ಕೂಡುತ್ತಾರೆ. ಹೇಳುವವರಿಗೆ ಪವಾಡ ಮುಟ್ಟುವ ಆತುರ, ಕೇಳುವವರಿಗೆ ಜಯಜಯಕಾರ ಹಾಕುವ ಆತುರ. ತಲೆ ಕೊಯ್ದ ಮೇಲೆ ಅದೇ ಉಸಿರಿನಲ್ಲಿ ತಲೆ ಕೂಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ತಲೆ ಬಿದ್ದಲ್ಲಿಗೆ ಆ ರಾತ್ರಿಯ ಪುರಾಣ ನಿಲ್ಲಿಸಿ, ಮಂಗಳ ಹಾಡಿ, ಜನರನ್ನು ಮನೆಗೆ ಕಳಿಸಿ.

ಹೋದ ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ಶಾಸ್ತ್ರಿಗಳಿಗೆ ಇದನ್ನು ಹೇಳಿದೆ. ಅವರಿಗೆ ಮನಸ್ಸಿರಲಿಲ್ಲ. ಮಂದಿ ಬೇಸರ ಮಾಡಿಕೊಳ್ಳುತ್ತಾರೆ ಎಂದರು, ಆದರೂ ಒಂದು ರಾತ್ರಿಯ ಮಟ್ಟಿಗೆ ಒಪ್ಪಿದರು. ಮರುದಿನ ಜೋಳ ಬೀಸಲು ಗಿರಣಿಗೆ ಹೋದರೆ ಅಲ್ಲಿ ಅದೇ ಮಾತು ನಡೆದಿತ್ತು. ಅವನಿಗೆ ಮುಂದಾಗುವುದು ಗೊತ್ತಿತ್ತು ಎಂದು ಒಬ್ಬಳು. ಗೊತ್ತಿದ್ದರೆ ಓಲೆ ಯಾಕೆ ಬೇಕಿತ್ತು ಎಂದು ಇನ್ನೊಬ್ಬಳು. ಕಥೆಯ ಮುಂದಿನ ಭಾಗ ಮೊದಲೇ ಬಲ್ಲ ವಯಸ್ಸಾದ ಹೆಂಗಸೊಬ್ಬಳು ತನ್ನ ಡಬ್ಬಿ ಇಳಿಸುತ್ತ ಕೇಳಿದಳು: ‘ಆ ಬಸದಿ ಕಾಯೋರು ಯಾರದೋ ಮನಿ ಮಕ್ಕಳೇ ಇರಬೇಕಲ್ಲ, ಕೂಲಿಗಿ ನಿಂತೋರು. ಅವರೇನು ಓಲಿ ಬರಕೊಟ್ಟಿದ್ರೇನು? ಅವರಿಗ್ಯಾಕ ಬಡದ?’ ಗಿರಣಿಯವನು ಪಟ್ಟಾ ನಿಲ್ಲಿಸಿ, ಅವರದು ಕಾಯೋ ಕೆಲಸ, ಅಡ್ಡ ನಿಂತರೆ ಪೆಟ್ಟು ಬೀಳೋದೇ ಎಂದ. ಅಡ್ಡ ನಿಲ್ಲದಿದ್ದರೆ ಅವರು ತಮ್ಮ ಕೆಲಸಕ್ಕೆ ಎರಡು ಬಗೆದಂತಾಗುತ್ತಿತ್ತಲ್ಲ ಎಂದು ಅವಳು ಬಿಡಲಿಲ್ಲ. ಸಂಜೆ ಶಾಸ್ತ್ರಿಗಳ ಮುಂದೆಯೂ ಅದನ್ನೇ ಕೇಳಿದಳು, ಅವರು ಪುಸ್ತಕ ಮುಚ್ಚಿ ಆ ಕಾವಲಿನವರ ಮೇಲೆಯೇ ಅಂದಿನ ಪುರಾಣ ಶುರು ಮಾಡಿದರು.